ಉಪ್ಪು ಬಿಟ್ಟ ಒಂಬತ್ತು ದಿನ

ಗುಂಡಿ ಸೇರಿದ ನೂರ ಹದಿನೇಳನೆಯ ವರ್ಷ,
ಎರಡನೆಯ ಬೇಸಿಗೆ, ಐವತ್ತಮೂರನೆಯ ದಿನ, ಮಧ್ಯಾಹ್ನ

ಹೊಸಪೇಟೆಯ ಶಶಿರೇಖಾ ಅವರಿಗೆ,

ಪಂಪಾಕ್ಷಿ ಮಾಡುವ ನಮಸ್ಕಾರಗಳು. ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ನನ್ನ ಕೈಗೆ ಸಿಕ್ಕಿರುವ ಹಾಳೆಯಲ್ಲಿ ನಿಮ್ಮ ವಯಸ್ಸು ಮೂವತ್ತೊಂದು, ನನಗೆ ಈಗ ನಲವತ್ತಾರು. ಅಜ್ಜಿ ಎಂದು ಕರೆಯಹೋದರೆ ನನಗೇ ನಗು ಬರುತ್ತದೆ. ಆದ್ದರಿಂದ ತಂಗಿ ಎನ್ನುತ್ತೇನೆ, ನೀನು ಎನ್ನುತ್ತೇನೆ. ಹಿರಿಯಳಿಗೆ ಏಕವಚನ ಹಚ್ಚಿದ ತಪ್ಪನ್ನು ಹೊಟ್ಟೆಗೆ ಹಾಕಿಕೋ. ಮೇಲಿನ ತಾರೀಖು ನಿನಗೆ ವಿಚಿತ್ರವಾಗಿ ಕಾಣಬಹುದು. ನಮಗೆ ವರ್ಷಕ್ಕೆ ಎರಡು ಬೇಸಿಗೆ, ಒಂದೊಂದೂ ನೂರು ದಿನದ ಮೇಲೆ. ಮಳೆ ಅವುಗಳ ನಡುವೆ ಸಿಕ್ಕಷ್ಟು. ನನ್ನ ಕೆಲವು ಮಾತುಗಳು ನಿನ್ನ ಕಾಲದಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ಅವು ಬಂದ ಬಂದಲ್ಲಿ ಅರ್ಥ ಹೇಳುತ್ತಾ ಹೋಗುತ್ತೇನೆ.

ಆ ಹಾಳೆ ನಮ್ಮ ಡಾಕ್ಟರಮ್ಮ ಜುಲೇಖಾ ಅವರಿಗೆ ಹಳೆಯ ಆಸ್ಪತ್ರೆಯ ಕಂತೆಗಳಲ್ಲಿ ಸಿಕ್ಕಿದ್ದು. ಈ ಕಾಯಿಲೆ ಯಾವ ಮನೆತನದಲ್ಲಿ ಎಲ್ಲಿಂದ ಬಂತು ಎಂದು ಅವರು ಬೇರು ಹುಡುಕುತ್ತಾ ಹೋದಾಗ ನೀನು ಸಿಕ್ಕೆ. ನಿನ್ನ ಹೆಸರು, ಬೈಪೋಲಾರ್ ಎಂಬ ಕಾಯಿಲೆಯ ಹೆಸರು, ಲಿಥಿಯಂ ಎಂಬ ಮಾತ್ರೆಯ ಹೆಸರು. ಕೆಳಗೆ ಯಾರೋ ಅವಸರದಲ್ಲಿ ಗೀಚಿದ ಎರಡು ಸಾಲು: "ಕೈ ನಡುಕ, ವಿಪರೀತ ಬಾಯಾರಿಕೆ, ಮೈ ಬರುತ್ತಿದೆ ಎಂಬ ದೂರು. ಮಾತ್ರೆಯನ್ನು ತಾನೇ ನಿಲ್ಲಿಸುವುದಾಗಿ ಹೇಳುತ್ತಾರೆ." ಮುಂದಿನ ಹಾಳೆ ಇಲ್ಲ. ನೀನು ನಿಲ್ಲಿಸಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಪತ್ರ ನಿನಗೆ ಹೇಗೆ ಮುಟ್ಟುತ್ತದೆ ಎಂಬುದೂ ಗೊತ್ತಿಲ್ಲ. ಆದರೆ ನಿಲ್ಲಿಸುವವರ ಮನಸ್ಸು ಹೇಗಿರುತ್ತದೆ ಎಂಬುದು ಚೆನ್ನಾಗಿ ಗೊತ್ತು, ಏಕೆಂದರೆ ಇವತ್ತು ಇಳಿಹೊತ್ತಿಗೆ ನಮ್ಮ ಓಣಿಯ ಎಲ್ಲರೂ ಸೇರಿ ನನ್ನ ಕೈ ನೋಡಲಿದ್ದಾರೆ. ಕೈ ನಡುಗಿದರೆ ನನ್ನ ಕೆಲಸ ಹೋಗುತ್ತದೆ. ನಡುಗದಿರಬೇಕಾದರೆ ನಾನು ಮಾತ್ರೆ ಬಿಡಬೇಕು.

ನನ್ನ ಕೆಲಸ ನೀರು ಅಳೆಯುವುದು. ಸಂಡೂರಿನ ಗುಡ್ಡಗಳಲ್ಲಿ ನಿಮ್ಮವರು ಅದಿರು ತೆಗೆದು ಬಿಟ್ಟುಹೋದ ಗುಂಡಿಗಳಲ್ಲಿ ನಾವಿದ್ದೇವೆ. ಗುಂಡಿಯ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದಲ್ಲ, ಆ ಒಂದೊಂದು ಮೆಟ್ಟಿಗೂ ಒಂದೊಂದು ಓಣಿ. ಮನೆಗಳನ್ನು ಗೋಡೆಯೊಳಗೆ ಕೊರೆದಿದ್ದೇವೆ, ಬಿಸಿಲು ಅಲ್ಲಿಗೆ ಬರುವುದು ಕಡಿಮೆ. ಬಟ್ಟೆ, ಹಲ್ಲು, ರೊಟ್ಟಿ ಎಲ್ಲಕ್ಕೂ ಕೆಂಪು ಧೂಳು. ತಳದಲ್ಲಿ ನೀರಿದೆ. ಅದನ್ನು ತೊಟ್ಟಿಲಲ್ಲಿ, ಅಂದರೆ ಹಗ್ಗದ ಮೇಲೆ ಏರಿಳಿಯುವ ಕಬ್ಬಿಣದ ಪಂಜರದಲ್ಲಿ, ಐದು ದಿನಕ್ಕೊಮ್ಮೆ ಪ್ರತಿ ಓಣಿಯ ತೊಟ್ಟಿಗೆ ಎತ್ತಿ ಹಾಕುತ್ತಾರೆ. ತಲೆಗೆ ದಿನಕ್ಕೆ ಹನ್ನೊಂದು ಪಾವು. ಮೊದಲು ಯಂತ್ರವೇ ಅಳೆಯುತ್ತಿತ್ತಂತೆ. ಮೇಲಿನ ಮೆಟ್ಟಿನವರು ಅದಕ್ಕೆ ಅದೇನು ಹೇಳಿಕೊಟ್ಟರೋ, ಕೆಳಗಿನವರ ಗಂಟಲು ಒಣಗಿತು. ಅಂದಿನಿಂದ ನೀರನ್ನು ಮನುಷ್ಯರ ಕೈಯೇ ಅಳೆಯಬೇಕು, ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಚೆಲ್ಲಿದ ಪಾವು ಅಳೆಯುವವಳ ಪಾಲಿನಿಂದ ಹೋಗುತ್ತದೆ.

ಈ ಕೆಲಸ ನನಗೆ ಬಂದ ಬಗೆ ಕೇಳು. ನಾವು ಈ ಕಾಯಿಲೆಗೆ ಏರಿಳಿ ಎನ್ನುತ್ತೇವೆ. ಎಂಟು ವರ್ಷದ ಹಿಂದೆ ನನಗೆ ಮೊದಲ ಏರು ಬಂತು. ಒಂಬತ್ತು ದಿನ ಕಣ್ಣು ಮುಚ್ಚಲಿಲ್ಲ, ದಣಿಯಲಿಲ್ಲ. ಪ್ರತಿ ಗೋಡೆಯ ಹಿಂದೆಯೂ ನೀರು ಹರಿಯುವುದು ಕೇಳಿಸುತ್ತಿತ್ತು. ಇಷ್ಟು ನೀರಿರುವಾಗ ಪಾವಿನಲ್ಲಿ ಅಳೆಯುವುದು ಎಂಥ ಬಡತನ ಎನ್ನಿಸಿ ತೊಟ್ಟಿಯ ಬೀಗ ಒಡೆದೆ. ಓಣಿಯ ಮಕ್ಕಳನ್ನೆಲ್ಲ ಕರೆದು ಮೀಯಿಸಿದೆ. ನಾನು ಹಾಡಿದೆ, ಅವರು ಕುಣಿದರು. ಅಷ್ಟು ಸಂತೋಷವನ್ನು ನಾನು ಆಮೇಲೆಂದೂ ಕಂಡಿಲ್ಲ, ಸುಳ್ಳೇಕೆ ಹೇಳಲಿ. ಮುಂದಿನ ನಾಲ್ಕು ದಿನ ಓಣಿಗೆ ನೀರಿಲ್ಲ. ನನ್ನಪ್ಪ ಸಣ್ಣೀರಪ್ಪ ಒದ್ದೆ ಬಟ್ಟೆ ಹೀರುತ್ತಾ ಕೂತಿದ್ದ. ಯಾರೂ ಸಾಯಲಿಲ್ಲ. ಅದು ನನ್ನ ಪುಣ್ಯವಲ್ಲ, ಅವರ ಗಟ್ಟಿತನ. ಏರು ಮುಗಿದು ಇಳಿ ಬಂದಾಗ ಐದು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದೆ. ಡಾಕ್ಟರಮ್ಮ ಲಿಥಿಯಂ ಶುರುಮಾಡಿದರು. ನೀವು ಗಾಡಿ ಓಡಿಸಿ ಬಿಸಾಡಿದ ಬ್ಯಾಟರಿಗಳಿಂದಲೇ ನಮ್ಮವರು ಅದನ್ನು ತೆಗೆಯುತ್ತಾರೆ. ನಿಮ್ಮ ತಿಪ್ಪೆ ನಮಗೆ ಔಷಧದ ಅಂಗಡಿ.

ನಮ್ಮಲ್ಲಿ ಒಂದು ಪದ್ಧತಿಯಿದೆ: ಚೆಲ್ಲಿದವರೇ ಅಳೆಯಬೇಕು. ನೀರು ಕಳೆದವರಿಗಿಂತ ಬಿಗಿಯಾಗಿ ನೀರು ಹಿಡಿಯುವವರಿಲ್ಲ ಎಂದು ಹಿರಿಯರ ಲೆಕ್ಕ. ಮೂರು ವರ್ಷ ಕಾದು ನೋಡಿ ಓಣಿಯವರು ನನ್ನ ಕೈಗೆ ಪಾವು ಕೊಟ್ಟರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು ಎಂದು ಪಕ್ಕದ ಓಣಿಯವರು ನಕ್ಕರಂತೆ. ಅವಮಾನದಿಂದ ಎದ್ದು ಬಂದವಳಿಗೆ ಆ ಹಿತ್ತಾಳೆ ಪಾವು ಏನೆಂದು ನಿನಗೆ ಹೇಗೆ ಹೇಳಲಿ? ಜನ ನನ್ನ ಮುಂದೆ ಪಾತ್ರೆ ಹಿಡಿಯುತ್ತಿದ್ದರು, ನನ್ನನ್ನು ನಂಬಿ ಪಾತ್ರೆ ಹಿಡಿಯುತ್ತಿದ್ದರು. ಒಂದೇ ಕಟ್ಟಳೆ, ಸಾಕ್ಷಿ ನುಂಗು. ದಿನವೂ ಬೆಳಗ್ಗೆ ನೆರೆಯವರೊಬ್ಬರ ಎದುರಿಗೆ ನಾನು ಮಾತ್ರೆ ನುಂಗಬೇಕು. ನನ್ನ ಸಾಕ್ಷಿ ಪಕ್ಕದ ಮನೆಯ ಹುಲಿಗೆವ್ವತ್ತಿ, ಎಪ್ಪತ್ತು ದಾಟಿದವಳು. ಬಾಯಿ ಜೋರು, ಮನಸ್ಸು ಬೆಣ್ಣೆ.

ಮಾತ್ರೆಯ ಸಂಸಾರ ನಿನಗೂ ಗೊತ್ತಿದೆ. ನಾಲಗೆಯ ಮೇಲೆ ಸದಾ ಕಬ್ಬಿಣ ನೆಕ್ಕಿದ ರುಚಿ. ಎಂಟು ವರ್ಷದಲ್ಲಿ ಮೂರು ಸಲ ಕುಪ್ಪಸದ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದೇನೆ. ಬೇಕಾದ ಮಾತು ಬಾಯಿತನಕ ಬಂದು ನಿಲ್ಲುತ್ತದೆ. ಅಪ್ಪನ ಜೋಕುಗಳಿಗೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕರೆ ನಾನು ಮುಗುಳ್ನಗುತ್ತಿದ್ದೆ, ಅಷ್ಟೇ. ಪಾಯಖಾನೆ ಅರವತ್ತೆರಡು ಮೆಟ್ಟಿಲ ಮೇಲಿದೆ. ದಿನಕ್ಕೆ ಹತ್ತು ಸಲ ಹತ್ತಿ ಇಳಿದು ಮೊಣಕಾಲು ಸವೆದವು. ಇವೆಲ್ಲ ಹೋಗಲಿ. ಬಾಯಾರಿಕೆ! ತಲೆಗೆ ಹನ್ನೊಂದು ಪಾವು ನೀರಿರುವ ಊರಿನಲ್ಲಿ ಹದಿನಾರು ಪಾವು ಬೇಡುವ ಗಂಟಲು, ಅದೂ ಯಾರಿಗೆ, ನೀರು ಅಳೆಯುವವಳಿಗೆ. ನನ್ನ ತುಟಿ ಒದ್ದೆಯಾಗಿ ಕಂಡರೆ ಸಾಕು, ಓಣಿಯ ಕಣ್ಣುಗಳು ತೊಟ್ಟಿಯ ಕಡೆ ಹೋಗುತ್ತಿದ್ದವು. ಮೂರನೆಯ ಮನೆಯ ತಿಪ್ಪೇಸ್ವಾಮಿ ಒಂದು ದಿನ ಎದುರಿಗೇ ಅಂದ: "ಬೇಲಿನ ಎದ್ದು ಹೊಲಾ ಮೇದ್ರ ಯಾರಿಗೆ ಹೇಳೂಣು?" ನಾನು ಒಂದು ಹನಿಯನ್ನೂ ಕದ್ದವಳಲ್ಲ. ಹುಲಿಗೆವ್ವತ್ತಿ ತನ್ನ ಪಾಲಿನಲ್ಲಿ ದಿನವೂ ಎರಡು ಪಾವು ನನಗೆ ಸುರಿಯುತ್ತಿದ್ದಳು. ಮುದುಕಿಗೆ ಬಾಯಾರಿಕೆ ಕಡಿಮೆ ಎಂದು ಸುಳ್ಳು ಹೇಳಿ ಸುರಿಯುತ್ತಿದ್ದಳು.

ಕೈ ಮೊದಲಿನಿಂದಲೂ ಸ್ವಲ್ಪ ನಡುಗುತ್ತಿತ್ತು. ಪಾವನ್ನು ಪಾತ್ರೆಯ ಅಂಚಿಗೆ ಆನಿಸಿ ಸುರಿದರೆ ಚೆಲ್ಲದು ಎಂಬ ಉಪಾಯ ಕಂಡುಕೊಂಡಿದ್ದೆ. ಹೀಗೆ ನಡೆಯುತ್ತಿತ್ತು, ಹೋದ ತಿಂಗಳು ಅಪ್ಪ ತೀರಿಕೊಳ್ಳುವತನಕ.

ಸಾವಾದ ಮನೆಯಲ್ಲಿ ನಾವು ಒಂಬತ್ತು ದಿನ ಉಪ್ಪು ಬಿಡುತ್ತೇವೆ. ಗುಂಡಿ ಸೇರಿದ ಮೊದಲ ವರ್ಷಗಳಲ್ಲಿ ಕಲ್ಲಿನೊಳಗೆ ಹೂಳಲು ಮಣ್ಣಿರಲಿಲ್ಲ. ಮೇಲಕ್ಕೆ ಸಾಗಿಸುವ ಸರದಿ ಬರುವವರೆಗೆ ಹೆಣ ಕೆಡದಿರಲಿ ಎಂದು ಮನೆಯಲ್ಲಿದ್ದ ಉಪ್ಪನ್ನೆಲ್ಲ ಅದರ ಮೇಲೆ ಸುರಿಯುತ್ತಿದ್ದರಂತೆ. ಬದುಕಿದವರು ಸಪ್ಪೆ ತಿನ್ನುತ್ತಿದ್ದರು. ಈಗ ಉಪ್ಪಿಗೆ ಬರವಿಲ್ಲ, ಪದ್ಧತಿ ಉಳಿದಿದೆ. ಅಪ್ಪ ನನಗಾಗಿ ಒದ್ದೆ ಬಟ್ಟೆ ಹೀರಿದವನು. ಅವನಿಗಾಗಿ ನಾನು ಉಪ್ಪು ಬಿಡುವುದು ಯಾವ ದೊಡ್ಡ ಮಾತು? ಎಲ್ಲರಿಗಿಂತ ಬಿಗಿಯಾಗಿ ಹಿಡಿದೆ. ಉಪ್ಪಿನಕಾಯಿ, ಹಪ್ಪಳ ಎಲ್ಲವನ್ನೂ ಮನೆಯಿಂದ ಹೊರಗಿಟ್ಟೆ. ಹುಲಿಗೆವ್ವತ್ತಿ ಕೊಡುತ್ತಿದ್ದ ಎರಡು ಪಾವನ್ನೂ ಬೇಡವೆಂದೆ. ಮಾತ್ರೆ ಮಾತ್ರ ತಪ್ಪಿಸಲಿಲ್ಲ. ಅದೊಂದೇ ತಪ್ಪಾಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಮೂರನೆಯ ದಿನ ನಡುಕ ಮೊಣಕೈಗೆ ಏರಿತು. ಐದನೆಯ ದಿನ ಹೊಟ್ಟೆ ಕೆಟ್ಟಿತು. ಅಳುವಿನಿಂದ ಹೀಗಾಗಿದೆ ಎಂದುಕೊಂಡೆ. ಏಳನೆಯ ದಿನ ತೊಟ್ಟಿಯ ಮುಂದೆ ನಿಂತಾಗ ನೆಲ ಓರೆಯಾಗಿ ಕಂಡಿತು. ನಲವತ್ತು ಜನರ ಎದುರಿಗೆ ಪಾವು ಕೈಯಿಂದ ಜಾರಿತು. ಎತ್ತಿಕೊಂಡು ಮತ್ತೆ ತುಂಬಿದೆ, ಮತ್ತೆ ಜಾರಿತು. ಕ್ಷಮಿಸಿ ಎನ್ನಬೇಕೆಂದರೆ ಬಾಯಿಂದ ಬೇರೇನೋ ಹೊರಟಿತು. "ಕುಡುದು ಬಂದಾಳ್ರೋ ಇಕಿ! ನಾಲಿಗಿ ನೋಡ್ರಿ ಹೊಳ್ಳವಲ್ದು," ಎಂದು ತಿಪ್ಪೇಸ್ವಾಮಿ ಕೂಗಿದ. ಹುಲಿಗೆವ್ವತ್ತಿ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಮುಖ ಹಿಡಿದು ನೋಡಿದಳು. "ಏರು ಬರಾಕತ್ತೈತಿ ನಿನಗ. ಆವತ್ತೂ ಹಿಂಗ ಮಾತು ತಪ್ಪಿದ್ವು. ಇನ್ನೊಂದು ನುಂಗು," ಎಂದಳು. ನುಂಗಿದೆ. ಮರುದಿನವೂ ಎರಡು ನುಂಗಿಸಿದಳು. ಪ್ರೀತಿಯಿಂದಲೇ ನುಂಗಿಸಿದಳು, ಸಾಕ್ಷಿಯ ಧರ್ಮ ಬಿಡದೆ ನುಂಗಿಸಿದಳು.

ಒಂಬತ್ತನೆಯ ದಿನ ಬೆಳಗ್ಗೆ ನಾನು ಏಳಲಿಲ್ಲ. ಮುಂದಿನದು ಅವರಿವರು ಹೇಳಿದ್ದು. ತಮ್ಮ ಹೊನ್ನೂರಪ್ಪ ನನ್ನನ್ನು ತೊಟ್ಟಿಲಲ್ಲಿ ಹಾಕಿಕೊಂಡು ಮೊದಲನೆಯ ಮೆಟ್ಟಿನಲ್ಲಿರುವ ಡಾಕ್ಟರಮ್ಮನ ಬಳಿಗೆ ಒಯ್ದ. ಅವರು ನನ್ನ ಕಣ್ಣು ನೋಡಿ, ಕಾಲು ಎಳೆದು ನೋಡಿ, ಮೊದಲು ಕೇಳಿದ್ದು ಇದು: "ಈಕಿ ಉಪ್ಪು ತಿಂದು ಎಷ್ಟು ದಿನಾ ಆತು?" ಮೈಗೆ ಉಪ್ಪು ಸಿಗದಿದ್ದಾಗ ಮೂತ್ರಪಿಂಡ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದಂತೆ. ನೀರೂ ಕಡಿಮೆಯಾದರೆ, ಭೇದಿಯೂ ಸೇರಿದರೆ, ಗುಣ ಮಾಡುವ ಮಾತ್ರೆಯೇ ವಿಷ. ಅದರ ಮೇಲೆ ನಾವು ಎರಡು ದಿನ ಇಮ್ಮಡಿ ಸುರಿದಿದ್ದೆವು. ತಕ್ಷಣ ನರಕ್ಕೆ ಉಪ್ಪುನೀರು ಏರಿಸಬೇಕು ಎಂದು ಡಾಕ್ಟರಮ್ಮ ಸೂಜಿ ತೆಗೆದರೆ ನನ್ನ ತಮ್ಮ ಅಡ್ಡ ನಿಂತನಂತೆ. "ಸಂಜೀತನಾ ತಡೀರಿ ಡಾಕ್ಟರಮ್ಮಾ. ಇದೊಂದು ದಿನಾ ಕಳದ್ರ ಮುಗೀತೈತಿ. ಅಪ್ಪನ ದಾರಿಗೆ ಅಡ್ಡ ಆಗೂದು ಬ್ಯಾಡ." ಅವನು ಕೆಟ್ಟವನಲ್ಲ, ತಂಗೀ. ನಾನು ಎಚ್ಚರವಿದ್ದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಹುಲಿಗೆವ್ವತ್ತಿ ಅವನ ರಟ್ಟೆ ಹಿಡಿದು ಬದಿಗೆ ನೂಕಿದಳಂತೆ. "ನಿಮ್ಮಪ್ಪ ಸತ್ತು ಒಂಬತ್ತು ದಿನಾ ಆತು, ಇನ್ನೊಂದ್ಸಲ ಸಾಯಂಗಿಲ್ಲ. ಸಾಯಾಕತ್ತಾಕಿ ಇಕಿ. ಹಾಕ್ರೀ ಡಾಕ್ಟರಮ್ಮಾ, ಪಾಪ ಬಂದ್ರ ನನಗ ಬರಲಿ!"

ಹನ್ನೆರಡು ದಿನ ಅಲ್ಲೇ ಇದ್ದೆ. ಮೂತ್ರಪಿಂಡಕ್ಕೆ ಆದ ಪೆಟ್ಟಿನಲ್ಲಿ ಒಂದು ಭಾಗ ಹಾಗೇ ಉಳಿಯುತ್ತದೆ ಎಂದರು. ಮಾತ್ರೆಯನ್ನು ಇಳಿಸಿ ಮತ್ತೆ ಶುರುಮಾಡಿದರು; ತಿಂಗಳಿಗೊಮ್ಮೆ ರಕ್ತ ತೋರಿಸಬೇಕು, ಅಷ್ಟರಲ್ಲಿ ಬೇರೆ ಮಾತ್ರೆಗೆ ಬದಲಾಯಿಸಬಹುದೇ ನೋಡೋಣ ಎಂದರು. "ನಡುಕ ಸ್ವಲ್ಪ ಉಳೀತದ. ಏನೇ ಆದ್ರೂ ನೀನ ನಿಲ್ಲಸಬ್ಯಾಡ, ನನ್ನ ಕೇಳು," ಎಂದು ಎರಡು ಸಲ ಹೇಳಿದರು. ಮನೆಗೆ ಬಂದೆ. ಓಣಿಯವರು ಇವತ್ತಿನ ದಿನ ಗೊತ್ತುಮಾಡಿದರು. ಪಾವನ್ನು ಅಂಚಿನವರೆಗೆ ತುಂಬಿಕೊಂಡು ತೊಟ್ಟಿಯಿಂದ ಕೊನೆಯ ಮನೆಯತನಕ ನಡೆಯಬೇಕು. ಚೆಲ್ಲಿದರೆ ಪಾವು ಬೇರೆಯವರಿಗೆ.

ಈಗ ಇನ್ನುಳಿದ ಮಾತು ಹೇಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಆರು ದಿನದಿಂದ ನಾನು ಮಾತ್ರೆ ನುಂಗಿಲ್ಲ. ಹುಲಿಗೆವ್ವತ್ತಿಯ ಎದುರಿಗೆ ಬಾಯಿಗೆ ಹಾಕಿಕೊಳ್ಳುತ್ತೇನೆ, ನಾಲಗೆಯ ಕೆಳಗೆ ಒತ್ತಿ ಹಿಡಿಯುತ್ತೇನೆ, ಅವಳು ಬಾಗಿಲು ದಾಟಿದ ಮೇಲೆ ಉಗುಳುತ್ತೇನೆ. ಆರೂ ಮಾತ್ರೆಗಳು ಈಗ ನನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಕೂತಿವೆ. ನನ್ನ ಕೈ ಈಗ ನಡುಗುತ್ತಿಲ್ಲ. ಈ ಅಕ್ಷರಗಳನ್ನು ನೋಡು, ಎಷ್ಟು ನೆಟ್ಟಗಿವೆ! ಬೆಳಗ್ಗೆ ಮನೆಯೊಳಗೆ ತುಂಬಿದ ಪಾವು ಹಿಡಿದು ಇಪ್ಪತ್ತು ಸಲ ನಡೆದೆ, ಒಂದು ಹನಿ ಬೀಳಲಿಲ್ಲ. ಬಾಯಲ್ಲಿ ಕಬ್ಬಿಣದ ರುಚಿ ಹೋಗಿದೆ. ಜೋಳದ ರೊಟ್ಟಿ ಇಷ್ಟು ಸಿಹಿ ಎಂದು ಮರೆತೇ ಹೋಗಿತ್ತು. ನಿನ್ನೆ ಮೂರು ಸಲ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಲ್ಲರಿಗಿಂತ ಮೊದಲು ಎಚ್ಚರವಾಗುತ್ತದೆ, ದಣಿವಿಲ್ಲ, ಗುಂಡಿಯ ಕೆಂಪು ಇವತ್ತು ಎಷ್ಟು ಕೆಂಪು, ಡಾಕ್ಟರಮ್ಮನಿಗೆ ಏನು ಗೊತ್ತು, ಇವತ್ತು ಗೆದ್ದ ಮೇಲೆ ಓಣಿಗೆ ಹೊಸ ತೊಟ್ಟಿ ಕಟ್ಟಿಸುತ್ತೇನೆ, ಹನ್ನೊಂದು ಪಾವು ಯಾಕೆ, ಇಪ್ಪತ್ತು ಕೊಡಬಹುದು, ಹೇಗೂ ಇದೆ, ಬೆಳಗ್ಗೆ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟೆ, ಹಿಂದೆ ನೀರು ಹರಿಯುವ ಸದ್ದು ಕೇಳಿಸಿತು.

ಈ ಸಾಲನ್ನು ಬರೆದು ಓದಿದೆ. ಮತ್ತೊಮ್ಮೆ ಓದಿದೆ.

ಎದ್ದು ಹೋಗಿ ಮತ್ತೆ ಕಿವಿಯಿಟ್ಟು ಬಂದೆ. ಕೇಳಿಸುತ್ತಿದೆ, ತಂಗೀ. ಸಣ್ಣಗೆ, ಸ್ಪಷ್ಟವಾಗಿ ಕೇಳಿಸುತ್ತಿದೆ. ಎಂಟು ವರ್ಷದ ಹಿಂದೆ ಕೇಳಿಸಿದ್ದೂ ಹೀಗೇ. ಈ ಸದ್ದು ನಿಜವೆಂದು ನನ್ನ ಮೈಯೆಲ್ಲ ಹೇಳುತ್ತಿದೆ. ಈ ಕೈಯಿಂದ ಇವತ್ತು ಪಾವು ಗೆದ್ದರೆ ಇಳಿಹೊತ್ತಿಗೆ ತೊಟ್ಟಿಯ ಕೀಲಿಯೂ ಈ ಕೈಗೇ ಬರುತ್ತದೆ. ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆ ಎಷ್ಟು ಹೊತ್ತು ನಿಲ್ಲುತ್ತದೋ ಗೊತ್ತಿಲ್ಲ, ಅದರ ಹಿಂದೆಯೇ ಆ ಸಂತೋಷ ಬಂದು ನಿಂತಿದೆ. ಅದು ಒಳಗೆ ಬರುವ ಮುಂಚೆ ಹುಲಿಗೆವ್ವತ್ತಿಯನ್ನು ಕೂಗುತ್ತೇನೆ. ಈಗಲೇ ಕೂಗುತ್ತೇನೆ.

ಎಪ್ಪತ್ತೆರಡನೆಯ ದಿನ, ಬೆಳಗ್ಗೆ

ಅಕ್ಷರಗಳು ಸೊಟ್ಟಗಿವೆ, ಓದಲು ಕಷ್ಟವಾದರೆ ಸಹಿಸಿಕೋ.

ಹುಲಿಗೆವ್ವತ್ತಿ ಆರು ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಬೈಯುತ್ತಾಳೆಂದುಕೊಂಡಿದ್ದೆ, ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು, "ನಾ ಎರಡೆರಡು ನುಂಗಿಸಿ ಕೊಲ್ಲಾಕ ಹೋದೆ, ನೀ ಒಂದೂ ನುಂಗದ ಸಾಯಾಕ ಹೊಂಟೀ. ಇಬ್ಬರೂ ಶಾಣ್ಯಾರ ಬಿಡು," ಎಂದಳು. ಇಬ್ಬರೂ ಸೇರಿ ಓಣಿಯ ಮುಂದೆ ಹೋದೆವು. ಕೈ ಚಾಚಿದೆ. ಕಲ್ಲಿನಂತೆ ನಿಂತಿದ್ದವು. ತಿಪ್ಪೇಸ್ವಾಮಿಯೇ ಮೊದಲು, "ಕೈ ಚಲೋ ಆಗ್ಯಾವಲ್ಲ, ಪಾವು ಕೊಡ್ರಿ," ಎಂದ. ಕೈ ಯಾಕೆ ಚಲೋ ಆಗಿವೆ ಎಂಬುದನ್ನು ಆಗ ಹೇಳಿದೆ. ಗೋಡೆಯ ಸದ್ದನ್ನೂ ಹೇಳಿದೆ. ಕೈಗೆ ಬಂದ ಪಾವನ್ನು ನಾನೇ ಕೆಳಗಿಟ್ಟೆ.

ಆ ಪಾವು ಈಗ ಕೊನೆಯ ಮನೆಯ ಸೊಸೆ ನಾಗವೇಣಿಯ ಕೈಯಲ್ಲಿದೆ. ಹೋದ ವರ್ಷ ತೊಟ್ಟಿಯ ನಲ್ಲಿ ಮುಚ್ಚದೆ ಮನೆಗೆ ಹೋಗಿ ನೀರು ಚೆಲ್ಲಿದವಳು ಅವಳು, ಆದ್ದರಿಂದ ಅವಳಿಗೇ ಸಲ್ಲಬೇಕಾದದ್ದು. ಡಾಕ್ಟರಮ್ಮ ಬಂದು ಮಾತ್ರೆ ಮತ್ತೆ ಹಚ್ಚಿದರು, ಕೆಲವು ದಿನಕ್ಕೆ ಇನ್ನೊಂದು ಔಷಧವನ್ನೂ ಕೊಟ್ಟರು. ತಮ್ಮ ಹೊನ್ನೂರಪ್ಪ ಎಂಟು ದಿನ ನಾನು ಹೊರಗೆ ಹೋಗದಂತೆ ನನ್ನ ಬಾಗಿಲಲ್ಲಿ ಕೂತಿದ್ದ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ, ಅವನು ಬೈಸಿಕೊಂಡ. ಏರು ಅರ್ಧದಲ್ಲೇ ಇಳಿಯಿತು. ಗೋಡೆಯಲ್ಲಿ ಈಗ ಏನೂ ಕೇಳಿಸುವುದಿಲ್ಲ. ಓಣಿಯವರು ಎರಡು ಹೊಸ ಕಟ್ಟಳೆ ಮಾಡಿದ್ದಾರೆ. ಈ ಮಾತ್ರೆ ತಿನ್ನುವವರು ಯಾರ ಸಾವಿಗೂ ಉಪ್ಪು ಬಿಡುವಂತಿಲ್ಲ. ಅವರಿಗೆ ದಿನಕ್ಕೆ ಐದು ಪಾವು ಹೆಚ್ಚು, ಎಲ್ಲರ ಕಣ್ಣೆದುರಿಗೆ. ನಿನ್ನೆ ನಾನು ಮೊದಲ ಸಲ ಹದಿನಾರು ಪಾವು ಹಿಡಿದುಕೊಂಡು ಬಂದೆ. ಅಷ್ಟಾದರೂ ನಾಗವೇಣಿ ಅಳೆಯುವಾಗ ನನ್ನ ಹೊಟ್ಟೆ ಉರಿಯುತ್ತದೆ. ಆ ಕೆಲಸ ನನ್ನದಾಗಿತ್ತು.

ಇನ್ನು ನಿನ್ನ ವಿಷಯ. ನಿನ್ನ ನಡುಕ, ನಿನ್ನ ಬಾಯಾರಿಕೆ, ನಿನಗೆ ಬಂದ ಮೈ, ಯಾವುದೂ ನೆಪವಲ್ಲ, ನನಗೆ ಗೊತ್ತು. ಸುಮ್ಮನೆ ಸಹಿಸಿಕೋ ಎಂದು ಹೇಳುವವಳಲ್ಲ ನಾನು. ಸುಮ್ಮನೆ ಸಹಿಸಿಕೊಂಡೇ ಒಂಬತ್ತನೆಯ ದಿನ ಮುಟ್ಟಿದೆ. ಡಾಕ್ಟರ ಮುಂದೆ ಕೈ ಚಾಚಿ ತೋರಿಸು, ಜಗಳವಾಡು, ರಕ್ತ ನೋಡಿ ಎನ್ನು, ಬೇರೆ ದಾರಿ ಇದೆಯೇ ಎಂದು ಕೇಳು. ಉಪವಾಸ, ವ್ರತ, ಸಪ್ಪೆ ಊಟ, ವಾಂತಿ ಭೇದಿ ಏನೇ ಬರಲಿ, ಮೊದಲು ಕೇಳು. ನೀನೇ ನಿಲ್ಲಿಸಬೇಡ, ನೀನೇ ಹೆಚ್ಚಿಸಲೂ ಬೇಡ.

ಹುಲಿಗೆವ್ವತ್ತಿ ಬಂದಳು, ಬರೆಯುವುದನ್ನು ನಿಲ್ಲಿಸಬೇಕು. ಈಗ ಅವಳು ನಾನು ನುಂಗುವುದನ್ನು ನೋಡಿದಷ್ಟಕ್ಕೇ ಹೋಗುವುದಿಲ್ಲ. "ಬಾಯಿ ತೆಗಿ. ನಾಲಿಗಿ ಎತ್ತು. ಇನ್ನಷ್ಟು ಎತ್ತು," ಎಂದು ದೀಪ ಹಿಡಿದು ನೋಡುತ್ತಾಳೆ. ನಲವತ್ತಾರರ ಹೆಂಗಸಿಗೆ ಇದಕ್ಕಿಂತ ನಾಚಿಕೆ ಇನ್ನೇನಿದೆ? ಆದರೂ ಎತ್ತುತ್ತೇನೆ. ನಿನ್ನ ನಾಲಗೆ ಎತ್ತಿ ನೋಡುವಷ್ಟು ನಿನ್ನವರಾದವರೊಬ್ಬರು ನಿನಗೂ ಇದ್ದೇ ಇರುತ್ತಾರೆ. ಇವತ್ತೇ ಹೋಗಿ ಅವರ ಬಾಗಿಲು ತಟ್ಟು, ತಂಗೀ.

ನಿನ್ನ
ಪಂಪಾಕ್ಷಿ
ಏಳನೆಯ ಮೆಟ್ಟು